ಸಾಲಿ ಬಾಗಿಲು ತೆರೆದಿತ್ತು, ಹೋಗೋ ದಾರಿ ಇರಲಿಲ್ಲ

ಧಾರವಾಡಕ್ಕೆ ಈಗ ವಿದ್ಯಾಕಾಶಿ ಅಂತ ಹೆಸರು. ಅದೇ ಧಾರವಾಡದ ಸರ್ಕಾರಿ ಶಾಲೆಯಲ್ಲಿ 1856ರಲ್ಲಿ ಒಬ್ಬ ಮಹಾರ್ ಹುಡುಗನಿಗೆ ಪ್ರವೇಶ ಸಿಗಲಿಲ್ಲ. ಎಲ್ಲರಂತೆ ಫೀ ಕಟ್ಟೋಕೆ ಅವನು ತಯಾರಿದ್ದ. ಆದರೂ ಬೇಡ ಅಂದರು. ಅವನು ಸುಮ್ಮನಾಗದೆ ಮುಂಬೈ ಸರ್ಕಾರಕ್ಕೇ ಅರ್ಜಿ ಬರೆದ.

ಸರ್ಕಾರದ ಉತ್ತರ ಇವತ್ತು ಓದಿದರೂ ವಿಚಿತ್ರ ಅನಿಸುತ್ತೆ. ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಡಬಹುದು, ಹಾಗಾಗಿ ಸಾಧ್ಯವಿಲ್ಲ ಅನ್ನೋದು ಅದರ ಸಾರಾಂಶ. ವಿಷಯ ಲಂಡನ್‌ವರೆಗೆ ಹೋಯಿತು. ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕು ಅಂತ 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ ಸ್ಪಷ್ಟಪಡಿಸಿತು.

ಅಂದರೆ ಕಾಗದದ ಮೇಲೆ ಶಾಲೆಯ ಬಾಗಿಲು ತೆರೆದು ನೂರಾ ಅರವತ್ತು ವರ್ಷ ದಾಟಿತು. ನಮ್ಮದೂ ಧಾರವಾಡ ಜಿಲ್ಲೆಯ ಒಂದು ಹಳ್ಳಿ, ದಲಿತ ಕುಟುಂಬ. ಆ ಬಾಗಿಲಿಂದ ನಮ್ಮ ಮನೆಯವರು ಎಷ್ಟು ಒಳಗೆ ಹೋಗೋಕಾಯ್ತು ಅನ್ನೋ ಲೆಕ್ಕ ಹಾಕಿದಾಗ ನನಗೆ ಒಂದು ಮಾತು ಅರ್ಥವಾಯಿತು. ಬಾಗಿಲು ತೆರೆಯೋದು ಒಂದು ಕೆಲಸ, ಮಗು ಅಲ್ಲಿಗೆ ಹೋಗಿ ಅಲ್ಲೇ ಉಳಿಯೋ ಹಾಗೆ ಮಾಡೋದು ಇನ್ನೊಂದು.

ಕಟ್ಟೆ ಮೇಲಿನ ನಾಲ್ಕು ವರ್ಷ

ನಮ್ಮಜ್ಜ ಸಾಲಿಗೆ ಹೋಗಿದ್ದು 1930ರ ದಶಕದಲ್ಲಿ. ಅಷ್ಟೊತ್ತಿಗೆ ಸಾರ್ವಜನಿಕ ಬಾವಿ, ಶಾಲೆ, ಆಸ್ಪತ್ರೆ ಎಲ್ಲರಿಗೂ ಮುಕ್ತ ಅನ್ನುವ ಎಸ್.ಕೆ. ಬೋಲೆ ಅವರ ಠರಾವು ಮುಂಬೈ ಶಾಸನ ಮಂಡಳಿಯಲ್ಲಿ ಪಾಸಾಗಿ (1923) ಹತ್ತು ವರ್ಷವಾಗಿತ್ತು. ಅಜ್ಜನ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಜ್ಜ ಮಾತ್ರ ಹೊರಗಿನ ಕಟ್ಟೆ ಮೇಲೆ. ಮಾಸ್ತರು ಪಾಟಿ ಮುಟ್ಟದೆ ದೂರದಿಂದಲೇ ನೋಡಿ ಸರಿ-ತಪ್ಪು ಹೇಳ್ತಿದ್ದರಂತೆ. ಮಳೆ ಬಂದರೆ ಕಟ್ಟೆಯವರಿಗೆ ಸೂಟಿ. ಹಾಗೇ ನಾಲ್ಕನೇ ಇಯತ್ತೆ ಮುಗಿಸಿದ. ಅಜ್ಜಿಯನ್ನು ಸಾಲಿಗೆ ಕಳಿಸೋ ಮಾತೇ ಆ ಮನೆಯಲ್ಲಿ ಬಂದಿರಲಿಲ್ಲ.

ಬೇರೆ ಸೀಮೆಗಳಲ್ಲೂ ಇದೇ ಹೊತ್ತಿನಲ್ಲಿ ಜಗ್ಗಾಟ ನಡೆದಿತ್ತು. ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದು, ತಮ್ಮವರಿಂದಲೇ ದೂರವಾಗಿದ್ದರು. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಹುಡುಗಿಯರಿಗೆ ಮಹಾರಾಣಿ ಶಾಲೆ ಶುರುವಾಗಿತ್ತು. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗಬೇಕು ಅನ್ನೋ ಪ್ರಶ್ನೆಗೆ 1918ರಲ್ಲಿ ಮಿಲ್ಲರ್ ಸಮಿತಿ ಕೂತಿತು.

ಡಾ. ಅಂಬೇಡ್ಕರ್ ಮಾತ್ರ ಇನ್ನೊಂದು ಕಡೆಯಿಂದ ಕೈ ಹಾಕಿದರು. 1920ರ ದಶಕದ ಕೊನೆಯಲ್ಲಿ ಪನ್ವೇಲ್, ಠಾಣೆ, ನಾಸಿಕ್, ಪುಣೆ ಜೊತೆಗೆ ನಮ್ಮ ಧಾರವಾಡದಲ್ಲೂ ದಲಿತ ವಿದ್ಯಾರ್ಥಿಗಳಿಗೆ ವಸತಿಗೃಹ ಶುರು ಮಾಡಿಸಿದರು. ಹಳ್ಳಿಯ ಹುಡುಗನಿಗೆ ಪೇಟೆಯಲ್ಲಿ ಮಲಗೋಕೆ ಜಾಗ, ಎರಡು ಹೊತ್ತು ಊಟ ಇಲ್ಲದಿದ್ದರೆ ಹೈಸ್ಕೂಲಿನ ಬಾಗಿಲು ತೆರೆದಿದ್ದೂ ಒಂದೇ, ಮುಚ್ಚಿದ್ದೂ ಒಂದೇ.

ಅಪ್ಪ ಮತ್ತು ಅತ್ತಿ

ಹಾಸ್ಟೆಲ್ ಅನ್ನೋದು ಏನು ಮಾಡುತ್ತೆ ಅಂತ ನೋಡಬೇಕಾದರೆ ನಮ್ಮ ಮನೆಗೇ ಬರಬೇಕು. ಅಪ್ಪ ಏಳನೇ ಇಯತ್ತೆ ಮುಗಿಸಿದ್ದು 1974ರಲ್ಲಿ. ಹೈಸ್ಕೂಲ್ ಇದ್ದಿದ್ದು ತಾಲ್ಲೂಕು ಊರಲ್ಲಿ, ಹದಿನಾಲ್ಕು ಕಿಲೋಮೀಟರ್ ದೂರ. ಅಲ್ಲಿ ಸರ್ಕಾರದ ಹುಡುಗರ ಹಾಸ್ಟೆಲ್ ಇತ್ತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲ. ಅಪ್ಪ ಒಂದು ಕಬ್ಬಿಣದ ಟ್ರಂಕು ಹಿಡ್ಕೊಂಡು ಹೋದವನು ಎಸ್ಸೆಸ್ಸೆಲ್ಸಿ, ಟಿಸಿಎಚ್ ಮುಗಿಸಿ ಪ್ರಾಥಮಿಕ ಶಾಲೆ ಮಾಸ್ತರ್ ಆಗೇ ಬಂದ.

ಅತ್ತಿ ಅಪ್ಪನಿಗಿಂತ ಮೂರು ವರ್ಷ ಸಣ್ಣವಳು. ಓದೋದರಲ್ಲಿ ಅವಳೇ ಚುರುಕು. ಇದು ಅಪ್ಪನೇ ಹೇಳೋ ಮಾತು. ಲೆಕ್ಕ ಬರದಿದ್ದರೆ ಅಣ್ಣ ತಂಗಿಯನ್ನ ಕೇಳ್ತಿದ್ದನಂತೆ. 1977ರಲ್ಲಿ ಅವಳೂ ಏಳನೇ ಇಯತ್ತೆ ಪಾಸಾದಳು. ಅದೇ ಹೈಸ್ಕೂಲ್, ಅದೇ ಹದಿನಾಲ್ಕು ಕಿಲೋಮೀಟರ್. ಆದರೆ ಆ ಊರಲ್ಲಿ ಹುಡುಗಿಯರ ಹಾಸ್ಟೆಲ್ ಇರಲಿಲ್ಲ. ಬಸ್ಸು ದಿನಕ್ಕೊಂದು. ಅಲ್ಲಿಗೆ ಅವಳ ಓದು ನಿಂತಿತು. ಮರುವರ್ಷದಿಂದ ಕಳೆ ತೆಗೆಯೋಕೆ ಹೋದಳು, ಹದಿನೇಳಕ್ಕೆ ಮದುವೆ.

ಯಾಕೆ ಬಿಟ್ಟೆ ಅಂತ ಕೇಳಿದರೆ ಅತ್ತಿ ಯಾರ ಮೇಲೂ ಬೊಟ್ಟು ಮಾಡಲ್ಲ. “ಸಾಲಿ ಬಾಗಿಲಾ ತೆರದಿತ್ತವಾ, ಹೋಗೂ ದಾರೀನಽ ಇರ್ಲಿಲ್ಲ” ಅಂತಾಳೆ.

ಒಂದೇ ಮನೆ, ಒಂದೇ ಜಾತಿ, ಒಂದೇ ಶಾಲೆ, ಒಂದೇ ಬಡತನ. ಅಣ್ಣ ಪಿಂಚಣಿ ತಗೊಳ್ತಾನೆ, ತಂಗಿ ಮೊನ್ನೆ ಮೊನ್ನೆವರೆಗೂ ಕೂಲಿಗೆ ಹೋಗ್ತಿದ್ದಳು. ನಡುವೆ ಇದ್ದ ವ್ಯತ್ಯಾಸ ಒಂದು ಹಾಸ್ಟೆಲ್ ಮಾತ್ರ.

ಊಟ, ಸೈಕಲ್ಲು

ನಮ್ಮ ತಲೆಮಾರಿಗೆ ದಾರಿಯನ್ನೂ ಹಾಕೋ ಕೆಲಸ ಸ್ವಲ್ಪ ನಡೆಯಿತು. ಸುಪ್ರೀಂ ಕೋರ್ಟ್ 2001ರಲ್ಲಿ ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕು ಅಂತ ಆದೇಶಿಸಿತು. 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಆಮೇಲೆ ಎಲ್ಲ ಕಡೆ ಬಂತು. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್.

ಅತ್ತಿಯ ಕಿರಿಮಗಳು ಮತ್ತು ನಾನು ಒಂದೇ ವಯಸ್ಸಿನವರು. ಅವಳಿಗೆ ಆ ಸೈಕಲ್ ಸಿಕ್ತು. ಅಷ್ಟೊತ್ತಿಗೆ ಹೈಸ್ಕೂಲು ಐದು ಕಿಲೋಮೀಟರ್ ಹತ್ತಿರಕ್ಕೆ ಬಂದಿತ್ತು. ಆರೇಳು ಹುಡುಗಿಯರು ಸಾಲಾಗಿ ಸೈಕಲ್ ಹೊಡ್ಕೊಂಡು ಹೋಗೋರು. ಒಬ್ಬಳನ್ನೇ ಕಳಿಸೋದು ಹೆಂಗೆ ಅನ್ನೋ ಪ್ರಶ್ನೆ ತಾನಾಗೇ ಬಿದ್ದುಹೋಯಿತು. ಅವಳು ಪಿಯುಸಿ, ಆಮೇಲೆ ನರ್ಸಿಂಗ್ ಮುಗಿಸಿ ಈಗ ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್.

ನಾನು 2011ರಲ್ಲಿ ಸಿಇಟಿ ಬರೆದು, ಮೀಸಲಾತಿಯಲ್ಲಿ ಎಂಜಿನಿಯರಿಂಗ್ ಸೀಟು ತಗೊಂಡೆ. ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಟೀಮಿನವರ ಜೊತೆ ಊಟಕ್ಕೆ ಕೂತಾಗ “ನಿಂದು ಎಷ್ಟನೇ ರ್‍ಯಾಂಕು?” ಅಂತ ಬರೋ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರೋದು ನನಗೆ ಗೊತ್ತಾಗುತ್ತೆ. ಮೆರಿಟ್ ಮತ್ತು ಕೋಟಾದ ಈ ಜಗಳ ನಮ್ಮ ರಾಜ್ಯದ್ದೇ ಹಳೇ ಜಗಳ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳ ಶೇ 68 ಸೀಟುಗಳನ್ನು ಮೈಸೂರು ಸರ್ಕಾರ ಮೀಸಲಿಟ್ಟಾಗ, 1962ರ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೀಸಲಾತಿ ಸ್ಥೂಲವಾಗಿ ಶೇ 50ರ ಒಳಗಿರಬೇಕು ಅನ್ನೋ ಮಾತು ದೇಶಕ್ಕೆಲ್ಲ ಹಬ್ಬಿದ್ದು ಅಲ್ಲಿಂದಲೇ.

ಆ ಊಟದ ಟೇಬಲ್‌ನಲ್ಲಿ ನಾನು ವಾದ ಮಾಡಲ್ಲ, ಅತ್ತಿಯ ಕಥೆ ಹೇಳ್ತೀನಿ. ಅವಳು ಯಾವ ರ್‍ಯಾಂಕಿನ ಪಟ್ಟಿಗೂ ಬರಲೇ ಇಲ್ಲ. ಪಟ್ಟಿಗೆ ಬಂದವರನ್ನು ಮಾತ್ರ ಅಳೆಯೋ ಕೋಲಿನಿಂದ, ದಾರಿಯಲ್ಲೇ ಉಳಿದವರನ್ನು ಅಳೆಯೋದು ಹೇಗೆ?

ಇನ್ನೂ ಮುಗಿಯದ ಲೆಕ್ಕ

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಕ್ಷರಸ್ಥ ಗಂಡಸರು ಶೇ 82.47, ಹೆಂಗಸರು ಶೇ 68.08. ದಕ್ಷಿಣ ಕನ್ನಡದ ಸಾಕ್ಷರತೆ ಶೇ 88 ದಾಟಿದ್ದರೆ ಯಾದಗಿರಿಯದು ಶೇ 52 ಕೂಡ ಮುಟ್ಟಿರಲಿಲ್ಲ. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು, ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗೆ ಶೇ 25 ಸೀಟು ಸಿಗತೊಡಗಿತು. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಅಂತ 2019ರಲ್ಲಿ ರಾಜ್ಯ ನಿಯಮ ಬದಲಾಯಿಸಿತು. ಆ ದುಡ್ಡು ಸರ್ಕಾರಿ ಶಾಲೆಗೇ ಹೋಗಲಿ ಅನ್ನೋ ವಾದದಲ್ಲಿ ಹುರುಳಿದೆ. ಆದರೆ ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕನೇ ವಯಸ್ಸಿಗೆ ನಿಲ್ಲುತ್ತೆ. ನಮ್ಮ ಕಡೆ ಹುಡುಗಿಯರ ಓದಿಗೆ ಕುತ್ತು ಬರೋದು ಅಲ್ಲಿಂದ ಮುಂದೆ.

ಅತ್ತಿಯ ಮೊಮ್ಮಗಳು, ಹಿರಿಮಗನ ಮಗಳು, 2024ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಸೈನ್ಸ್ ಓದೋ ಆಸೆ. ಪಿಯು ಕಾಲೇಜು ಇರೋದು ಅದೇ ತಾಲ್ಲೂಕು ಊರಲ್ಲಿ, ಅದೇ ಹದಿನಾಲ್ಕು ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೆಟ್ಟಿಲ್ಲ. ಆದರೆ ಕಾಲೇಜು ಒಂಬತ್ತಕ್ಕೆ ಶುರು, ಬಸ್ಸು ಊರಿಗೆ ಬರೋದು ಒಂಬತ್ತೂವರೆಗೆ. “ಇಷ್ಟು ಕಲ್ತದ್ದು ಸಾಕು, ಹೊಲಿಗಿ ಕಲೀಲಿ” ಅಂದ ಅವಳಪ್ಪ.

ಅತ್ತಿ ಎದ್ದು ನಿಂತಿದ್ದು ಆವಾಗ. ಮಗನಿಗೆ ಬೈಯಲಿಲ್ಲ. ಮೊಮ್ಮಗಳ ಕೈಯಲ್ಲಿ ಅರ್ಜಿ ಬರೆಸಿದಳು. ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸು ಬಿಡಿ ಅಂತ. ಕಾಲೇಜಿಗೆ ಹೋಗಬೇಕಾದ ಹನ್ನೊಂದು ಮಕ್ಕಳ ಮನೆಗೆ ತಾನೇ ನಡೆದು ಸಹಿ ಹಾಕಿಸಿದಳು. ಮೊದಲ ಸಹಿ ಅವಳದೇ, ದುಂಡಗಿನ ಕನ್ನಡ ಅಕ್ಷರದಲ್ಲಿ. ಬಸ್ಸು ಬರೋವರೆಗೆ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಸೋದರತ್ತಿಯ ಮನೆಯಲ್ಲಿದ್ದು ಓದಬೇಕು, ಖರ್ಚು ನಾನು, ಅತ್ತಿ ಮಗಳು ಹಂಚಿಕೊಳ್ಳಬೇಕು ಅಂತ ಮನೆಯಲ್ಲಿ ತೀರ್ಮಾನವಾಯಿತು. ಅವಳೀಗ ಅಲ್ಲೇ ಓದ್ತಿದ್ದಾಳೆ. ಇದು ನಮ್ಮ ಒಂದು ಮನೆಗೆ ಸಿಕ್ಕ ದಾರಿ. ಉಳಿದ ಹತ್ತು ಮಕ್ಕಳಿಗೆ ಬಸ್ಸೇ ಬೇಕು.

ನಮ್ಮ ಹಾಗೆ ಊರು ಬಿಟ್ಟು ಬಂದು ದುಡೀತಿರೋರಿಗೆ ನಂದೊಂದು ಕೋರಿಕೆ. ಈ ಸಲ ಊರಿಗೆ ಹೋದಾಗ ಅಮ್ಮ, ಅತ್ತೆ, ದೊಡ್ಡಮ್ಮ ಯಾರನ್ನಾದರೂ ಕೂರಿಸಿಕೊಂಡು “ಎಷ್ಟನೇ ಕ್ಲಾಸಿಗೆ ಬಿಟ್ಟಿರಿ, ಯಾಕೆ?” ಅಂತ ಕೇಳಿ. ಬಹಳ ಸಲ ಉತ್ತರ ಒಂದು ಬಸ್ಸು, ಒಂದು ಹಾಸ್ಟೆಲ್ಲು, ಒಂದು ಶೌಚಾಲಯದಷ್ಟು ಚಿಕ್ಕದಾಗಿರುತ್ತೆ. ಆಮೇಲೆ ಆ ಅಡ್ಡಿ ಈಗಲೂ ನಿಮ್ಮೂರಲ್ಲಿ ಇದೆಯಾ ನೋಡಿ. ಇದ್ದರೆ ನಾಲ್ಕು ಜನ ಸೇರಿ ಒಂದು ಅರ್ಜಿ ಬರೆಯಿರಿ.