ಬೈಪಾಸ್ ಶಸ್ತ್ರಕ್ರಿಯೆಯೂ ಸೋರುವ ಹೃತ್ಕವಾಟವೂ

ಹೃದಯದ ಎಡಭಾಗದಲ್ಲಿ, ಮೇಲಿನ ಹೃತ್ಕರ್ಣಕ್ಕೂ ಕೆಳಗಿನ ಹೃತ್ಕುಕ್ಷಿಗೂ ನಡುವೆ ಎರಡು ದಳಗಳುಳ್ಳ ಮೈಟ್ರಲ್ ಕವಾಟವಿದೆ. ಹೃತ್ಕುಕ್ಷಿಯು ಸಂಕುಚಿಸಿದಾಗ ಈ ದಳಗಳು ಬಿಗಿಯಾಗಿ ಕೂಡಿಕೊಂಡು, ರಕ್ತವು ಹಿಂದಕ್ಕೆ ಹರಿಯದಂತೆ ತಡೆಯುತ್ತವೆ. ಪರಿಧಮನಿಗಳ ರೋಗದಿಂದ ಬೈಪಾಸ್ ಶಸ್ತ್ರಕ್ರಿಯೆಗೆ ಬರುವ ಕೆಲವರಲ್ಲಿ ಈ ಕವಾಟವೂ ಸೋರುತ್ತಿರುತ್ತದೆ. ಎದೆಯನ್ನು ತೆರೆದಿರುವಾಗಲೇ ಕವಾಟವನ್ನೂ ಸರಿಪಡಿಸಬೇಕೆ ಎಂಬುದು ನಾವಿಲ್ಲಿ ವಿಚಾರಮಾಡುವ ಪ್ರಶ್ನೆ.

ಈ ಸೋರಿಕೆಯಲ್ಲಿ ದಳಗಳು ಸಾಮಾನ್ಯವಾಗಿ ನಿರ್ದೋಷವಾಗಿರುತ್ತವೆಂಬುದನ್ನು ಮೊದಲು ಗಮನಿಸಬೇಕು. ಹೃತ್ಕುಕ್ಷಿಯ ಗೋಡೆಯಿಂದ ಎದ್ದ ಎರಡು ಸ್ನಾಯುಸ್ತಂಭಗಳು ನವುರಾದ ತಂತುಗಳ ಮೂಲಕ ದಳಗಳನ್ನು ಹಿಡಿದಿರುತ್ತವೆ. ಹೃದಯಾಘಾತದಿಂದ ಗೋಡೆಯ ಒಂದು ಭಾಗವು ಸತ್ತು, ಹೃತ್ಕುಕ್ಷಿಯು ಹಿಗ್ಗಿದರೆ, ಸ್ತಂಭಗಳು ಸ್ಥಾನದಿಂದ ಸರಿದು ದಳಗಳನ್ನು ಕೆಳಕ್ಕೆ ಜಗ್ಗುತ್ತವೆ. ಚೌಕಟ್ಟು ವಾಲಿದ ಮನೆಯಲ್ಲಿ ಬಾಗಿಲು ಗಟ್ಟಿಯಾಗಿದ್ದರೂ ಕೂಡುವುದಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ.

ರಕ್ತದ ಕೊರತೆಯಿಂದ ದುರ್ಬಲವಾಗಿದ್ದರೂ ಜೀವಂತವಾಗಿರುವ ಸ್ನಾಯು ಬೈಪಾಸ್‌ನಿಂದ ಚೇತರಿಸಿಕೊಳ್ಳಬಲ್ಲದು. ಆಗ ಸೋರಿಕೆಯೂ ತಗ್ಗಬಹುದು. ಸತ್ತು ಕಲೆಗಟ್ಟಿದ ಸ್ನಾಯುವಿಗೆ ಆ ಅವಕಾಶವಿಲ್ಲ. ಇನ್ನೊಂದೆಡೆ, ಕವಾಟದ ಬುಡಕ್ಕೆ ಬಳೆಯೊಂದನ್ನು ಹೊಲಿದು ದಳಗಳನ್ನು ಸಮೀಪಕ್ಕೆ ತರುವ ದುರಸ್ತಿಗಾಗಿ ಹೃದಯವನ್ನೇ ತೆರೆಯಬೇಕು. ರೋಗಿಯು ಹೃದಯ-ಶ್ವಾಸಕೋಶ ಯಂತ್ರದ ಮೇಲೆ ಹೆಚ್ಚು ಕಾಲ ಇರಬೇಕಾಗುತ್ತದೆ.

ಮಧ್ಯಮ ಪ್ರಮಾಣದ ಸೋರಿಕೆಯುಳ್ಳ 301 ರೋಗಿಗಳನ್ನು ಉತ್ತರ ಅಮೆರಿಕದಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಬೈಪಾಸ್ ಮಾತ್ರ, ಇನ್ನೊಂದಕ್ಕೆ ಬೈಪಾಸ್ ಮತ್ತು ದುರಸ್ತಿ ಎರಡನ್ನೂ ಮಾಡಿ ನೋಡಲಾಯಿತು. ಎರಡು ವರ್ಷಗಳ ಫಲಿತಾಂಶವು 2016ರಲ್ಲಿ ಪ್ರಕಟವಾಯಿತು. ಗಣನೀಯ ಸೋರಿಕೆ ಉಳಿದವರು ಮೊದಲ ಗುಂಪಿನಲ್ಲಿ ಶೇಕಡ 32.3, ಎರಡನೆಯದರಲ್ಲಿ ಶೇಕಡ 11.2. ಆದರೆ ಮರಣದ ಪ್ರಮಾಣ ಕ್ರಮವಾಗಿ ಶೇಕಡ 10.6 ಮತ್ತು 10.0, ಹೃತ್ಕುಕ್ಷಿಯ ಗಾತ್ರದಲ್ಲಿಯೂ ಗಮನಾರ್ಹ ಭೇದ ಕಾಣಲಿಲ್ಲ. ದುರಸ್ತಿ ಮಾಡಿಸಿಕೊಂಡವರಲ್ಲಿ ನರಸಂಬಂಧವಾದ ತೊಂದರೆಗಳು ಆರಂಭದಲ್ಲಿ ಹೆಚ್ಚಾಗಿ ಕಂಡುಬಂದವು.

ತೀವ್ರ ಸೋರಿಕೆಯ ವಿಷಯ ಬೇರೆ. ಅದನ್ನು ಹಾಗೆಯೇ ಬಿಡುವುದು ವಿಹಿತವಲ್ಲ. ಅಲ್ಲಿನ ಪ್ರಶ್ನೆ ದುರಸ್ತಿಯೋ ಕವಾಟದ ಬದಲಾವಣೆಯೋ ಎಂಬುದು. 251 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ, ಎರಡು ವರ್ಷಗಳೊಳಗೆ ದುರಸ್ತಿಯ ಗುಂಪಿನ ಶೇಕಡ 58.8ರಷ್ಟು ಮಂದಿಯಲ್ಲಿ ಸೋರಿಕೆ ಮರುಕಳಿಸಿತು. ಬದಲಾವಣೆಯ ಗುಂಪಿನಲ್ಲಿ ಶೇಕಡ 3.8 ಮಾತ್ರ. ಮರಣಪ್ರಮಾಣದಲ್ಲಿ ಮಾತ್ರ ಇಲ್ಲಿಯೂ ಸಂಖ್ಯಾಶಾಸ್ತ್ರೀಯವಾಗಿ ಗಣ್ಯವಾದ ಅಂತರವಿರಲಿಲ್ಲ. ಬಳೆಯು ಬುಡವನ್ನು ಬಿಗಿಯುತ್ತದೆಯೇ ಹೊರತು ಹಿಗ್ಗುತ್ತಿರುವ ಗೋಡೆಯನ್ನು ತಡೆಯಲಾರದೆಂಬುದೇ ಈ ಮರುಕಳಿಕೆಗೆ ಮುಖ್ಯ ಕಾರಣ.

ಆದುದರಿಂದ ಮಧ್ಯಮ ಸೋರಿಕೆಯನ್ನು ಎಲ್ಲರಲ್ಲಿಯೂ ವಾಡಿಕೆಯಾಗಿ ದುರಸ್ತಿ ಮಾಡಬೇಕಾಗಿಲ್ಲ. ಸ್ನಾಯು ಜೀವಂತವಾಗಿದೆಯೇ, ರೋಗಿಗೆ ಉಬ್ಬಸವಿದೆಯೇ ಎಂಬುದನ್ನು ನೋಡಿ ನಿರ್ಣಯಿಸುವುದು ಯುಕ್ತ. ಅರಿವಳಿಕೆಯಲ್ಲಿ ರಕ್ತದೊತ್ತಡ ಇಳಿದು ಸೋರಿಕೆಯು ಇರುವುದಕ್ಕಿಂತ ಕಡಮೆಯಾಗಿ ತೋರುವುದರಿಂದ, ಈ ಪರಿಶೀಲನೆಯು ಶಸ್ತ್ರಕ್ರಿಯೆಗೆ ಮೊದಲೇ, ರೋಗಿಯು ಎಚ್ಚರವಾಗಿರುವಾಗಲೇ ನಡೆಯಬೇಕು.