ಕಂಬಾರರ ರಂಗಸಂಶೋಧನೆ: ಬಯಲಾಟ ಮತ್ತು ಅಲರಿಂಜೊ

ಯಲಹಂಕ ನಾಡಪ್ರಭು ಕೆಂಪೇಗೌಡನ ಹೆಸರಿನಲ್ಲಿ ‘ಗಂಗಾಗೌರೀವಿಲಾಸ’ ಎಂಬ ತೆಲುಗು ಯಕ್ಷಗಾನ ಕೃತಿಯೊಂದು ಪ್ರಸಿದ್ಧವಾಗಿದೆ. ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಇಂತಹ ಕೃತಿಯ ಕರ್ತೃ, ಕಾಲ, ಭಾಷೆ, ಛಂದಸ್ಸುಗಳು ಮುಖ್ಯವೆನಿಸುತ್ತವೆ. ರಂಗಭೂಮಿಯ ಚರಿತ್ರೆಗಾದರೋ ಅದನ್ನು ಆಡಿದವರಾರು, ಯಾವ ಸಂದರ್ಭದಲ್ಲಿ ಆಡಿದರು, ಹಿಮ್ಮೇಳ ಎಂತಹದು ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯ. ಹಸ್ತಪ್ರತಿಯೊಂದರಿಂದಲೇ ಇವಕ್ಕೆ ಉತ್ತರ ದೊರೆಯಲಾರದು. ಕನ್ನಡದಲ್ಲಿ ಇಂತಹ ಪ್ರಶ್ನೆಗಳನ್ನು ಸಂಶೋಧನೆಯ ಕೇಂದ್ರಕ್ಕೆ ತಂದವರಲ್ಲಿ ಡಾ. ಚಂದ್ರಶೇಖರ ಕಂಬಾರರು ಪ್ರಮುಖರು. ಅವರ ಅಧ್ಯಯನದ ಸ್ವರೂಪವನ್ನು ಆಫ್ರಿಕಾದ ಸಮಕಾಲೀನ ಸಂಶೋಧನೆಯೊಂದರೊಡನೆ ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಕಂಬಾರರಿಗಿಂತ ಮುನ್ನವೇ ಈ ಕ್ಷೇತ್ರದಲ್ಲಿ ಗಣನೀಯವಾದ ಕೆಲಸ ನಡೆದಿತ್ತು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕರಾವಳಿಯ ಪರಂಪರೆಗೆ ಇದರಿಂದ ವಿದ್ವತ್ತಿನ ಮನ್ನಣೆ ದೊರೆಯಿತು. ಉತ್ತರ ಕರ್ನಾಟಕದ ಆಟಗಳನ್ನು ಅದೇ ಗಾಂಭೀರ್ಯದಿಂದ ಪರಿಶೀಲಿಸುವ ಕಾರ್ಯದಲ್ಲಿ ಕಂಬಾರರ ಪಾತ್ರ ದೊಡ್ಡದು. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಪದವಿ ಪಡೆದು, ಅಲ್ಲಿಯೇ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಡಾಕ್ಟರೇಟ್ ಪ್ರಬಂಧವನ್ನು ಸಿದ್ಧಪಡಿಸಿದರು. ‘ಸಂಗ್ಯಾ ಬಾಳ್ಯಾ’ದ ಸಂಪಾದನೆ (1966), ‘ಬಯಲಾಟಗಳು’ (1973), ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ (1980), ಎರಡು ಸಂಪುಟಗಳ ‘ಕನ್ನಡ ಜಾನಪದ ವಿಶ್ವಕೋಶ’ (1985) ಈ ಮಾರ್ಗದ ಮುಖ್ಯ ಘಟ್ಟಗಳು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕೆಲಕಾಲ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸುಮಾರು ಎರಡು ದಶಕಗಳ ಕಾಲ ಅಧ್ಯಾಪನ ಮಾಡಿದ ಅವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು.

ಈ ಅಧ್ಯಯನ ಕ್ಷೇತ್ರದ ವೈವಿಧ್ಯ ಗಮನಾರ್ಹ. ಪುರಾಣದ ವಸ್ತು, ಕಿರೀಟ ಭುಜಕೀರ್ತಿಗಳ ವೇಷ, ವೀರಾವೇಶದ ಕುಣಿತ ಇವು ದೊಡ್ಡಾಟದ ಲಕ್ಷಣಗಳು. ಸಣ್ಣಾಟವು ಪ್ರೇಮ, ಭಕ್ತಿ ಹಾಗೂ ಊರಿನ ಬದುಕಿನ ಕಥೆಗಳನ್ನು ಸರಳ ವೇಷದಲ್ಲಿ ಆಡುತ್ತದೆ. ಕೃಷ್ಣಪಾರಿಜಾತದಲ್ಲಿ ಭಾಗವತನೇ ದೂತಿಯಾಗಿ ಪಾತ್ರಗಳೊಡನೆ ಮಾತಿಗಿಳಿಯುತ್ತಾನೆ. ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲ ಸೀಮೆಯಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿದ್ದು. ಪತ್ತಾರ ಮಾಸ್ತರರ ರಚನೆಯೆಂದು ಹೆಸರಾಗಿದೆ. ಇಂತಹ ಆಟದಲ್ಲಿ ಹಾಡು ನಿಶ್ಚಿತವಾಗಿದ್ದರೂ ಮಾತು ಆ ರಾತ್ರಿಯದು. ಆದುದರಿಂದ ಅಚ್ಚಾದ ಪಠ್ಯವು ಪ್ರದರ್ಶನದ ಒಂದಂಶ ಮಾತ್ರ. ಉಳಿದುದು ಮೇಳದವರ ನೆನಪಿನಲ್ಲಿ, ಕಂಠದಲ್ಲಿ, ಹೆಜ್ಜೆಯಲ್ಲಿ ಇರುತ್ತದೆ.

ಹೆಚ್ಚುಕಡಿಮೆ ಇದೇ ಕಾಲದಲ್ಲಿ ನೈಜೀರಿಯಾದ ವಿದ್ವಾಂಸ ಜೋಯೆಲ್ ಅಡೆಡೆಜಿ ಇಂತಹದೇ ಸಮಸ್ಯೆಯನ್ನು ಎದುರಿಸಿದರು. ಯೊರುಬಾ ಜನರ ಸಂಚಾರಿ ರಂಗಭೂಮಿಯಾದ ‘ಅಲರಿಂಜೊ’ವನ್ನು ಕುರಿತ ಅವರ ಡಾಕ್ಟರೇಟ್ ಪ್ರಬಂಧ 1969ರಲ್ಲಿ ಇಬಾದನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಯಿತು. ಅಲರಿಂಜೊ ಎಂದರೆ ನಡೆಯುತ್ತ ಕುಣಿಯುವವನು. ಮೊದಮೊದಲು ಇದು ಹೀಯಾಳಿಕೆಯ ಮಾತಾಗಿತ್ತು. ಲಿಖಿತ ನಾಟಕಗಳಿಲ್ಲದ ಈ ಪರಂಪರೆಯ ಚರಿತ್ರೆಯನ್ನು ಅವರು ಕಲಾವಿದ ಮನೆತನಗಳ ವಂಶಕಥನ, ಬಿರುದಾವಳಿಯ ಹಾಡುಗಳು ಮತ್ತು ಪ್ರವಾಸಿಗರ ಬರಹಗಳ ನೆರವಿನಿಂದ ಕಟ್ಟಿದರು. 1826ರಲ್ಲಿ ಹಳೆಯ ಓಯೊ ನಗರದಲ್ಲಿ ಸ್ಕಾಟ್ಲೆಂಡಿನ ಯಾತ್ರಿಕ ಹ್ಯೂ ಕ್ಲಾಪರ್ಟನ್ ಕಂಡ ಆಟದ ವರ್ಣನೆ ಅಂತಹ ಸಾಕ್ಷ್ಯಗಳಲ್ಲೊಂದು. ಹೆಬ್ಬಾವಿನ ಬೇಟೆಯೂ ಬಿಳಿಯನ ಅಣಕವೂ ಆ ಆಟದಲ್ಲಿದ್ದವು. ಪೂರ್ವಜರ ಆರಾಧನೆಯಾದ ‘ಎಗುಂಗುನ್’ ಮುಖವಾಡದಿಂದ ಆರಂಭವಾಗಿ ಆಚರಣೆ, ಉತ್ಸವ, ರಂಗಭೂಮಿ ಎಂಬ ಮೂರು ಹಂತಗಳಲ್ಲಿ ಈ ಕಲೆ ಬೆಳೆಯಿತೆಂಬುದು ಅಡೆಡೆಜಿಯವರ ಪ್ರತಿಪಾದನೆ. ಆಫ್ರಿಕಾದಲ್ಲಿ ನಾಟಕವೆಂಬುದು ಯುರೋಪಿನವರು ತಂದದ್ದು ಎಂಬ ಗ್ರಹಿಕೆಗೆ ಇದು ಸಾಧಾರವಾದ ಉತ್ತರವಾಯಿತು.

ಇಬ್ಬರು ವಿದ್ವಾಂಸರಿಗೂ ಸಮಾನವಾದ ಅಂಶವೆಂದರೆ, ಅಕ್ಷರದ ಆಚೆಗಿರುವ ರಂಗಪರಂಪರೆಗೆ ವಿಶ್ವವಿದ್ಯಾಲಯದಲ್ಲಿ ಸ್ಥಾನ ಕಲ್ಪಿಸಿದ್ದು. ಭೇದವೂ ಸ್ಪಷ್ಟವಾಗಿದೆ. ಅಡೆಡೆಜಿಯವರ ಮುಖ್ಯ ಆಸಕ್ತಿ ಉಗಮ ಮತ್ತು ವಿಕಾಸದ ಕಡೆಗೆ. ಕಂಬಾರರಲ್ಲಿ ಸಂಶೋಧನೆಯು ಸೃಷ್ಟಿಶೀಲ ನಾಟಕದೊಡನೆ ಬೆರೆತುಕೊಂಡಿದೆ. ಭಾದ್ರಪದದಲ್ಲಿ ಹೆಂಗಸರು ಜೋಕುಮಾರನನ್ನು ಬುಟ್ಟಿಯಲ್ಲಿರಿಸಿಕೊಂಡು ಮನೆಮನೆಗೆ ಹೊತ್ತೊಯ್ಯುವ ಫಲವಂತಿಕೆಯ ಆಚರಣೆಯು ಅವರ ‘ಜೋಕುಮಾರಸ್ವಾಮಿ’ (1972) ನಾಟಕದಲ್ಲಿ ಉಳುವವನ ಮತ್ತು ಒಡೆಯನ ನಡುವಣ ಭೂಮಿಯ ಪ್ರಶ್ನೆಯಾಗಿ ಮೈದಾಳುತ್ತದೆ. ಸೂತ್ರಧಾರ ಮತ್ತು ಮೇಳದ ಪರಸ್ಪರ ಮಾತುಕತೆ ಬಯಲಾಟದಿಂದಲೇ ಬಂದದ್ದು. ಆಚರಣೆಯು ತಾನಾಗಿ ರಂಗಭೂಮಿಯಾಗಿ ವಿಕಾಸ ಹೊಂದಿದ್ದು ಅಲ್ಲಿನ ಕಥೆಯಾದರೆ, ಆಧುನಿಕ ನಾಟಕಕಾರನೊಬ್ಬ ಅರಿತು ಆಚರಣೆಯ ಕಡೆಗೆ ಮರಳಿದ್ದು ಇಲ್ಲಿನ ಕಥೆ. ಎರಡನ್ನೂ ಒಂದೇ ವಿಕಾಸಸೂತ್ರದಲ್ಲಿ ಅಳೆಯುವುದು ಸಾಧುವಲ್ಲ.

ಸಂಶೋಧಕನೇ ನಾಟಕಕಾರನಾದಾಗ ಮತ್ತೊಂದು ಎಚ್ಚರವೂ ಅಗತ್ಯ. ನಗರದ ಪ್ರೇಕ್ಷಕರು ‘ಜೋಕುಮಾರಸ್ವಾಮಿ’ಯನ್ನು ಕಂಡು ಬಯಲಾಟವನ್ನೇ ಕಂಡೆವೆಂದು ಭಾವಿಸಬಹುದು. ನಾಟಕವು ಬಯಲಾಟದಿಂದ ಪಡೆದುದೆಷ್ಟು, ಅದಕ್ಕೆ ತಾನು ಸೇರಿಸಿದುದೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸಲು ಕಂಬಾರರ ಸಂಗ್ರಹ ಮತ್ತು ವಿವೇಚನಾ ಗ್ರಂಥಗಳೇ ಆಧಾರವಾಗುತ್ತವೆ. ಅವರ ನಾಟಕಗಳಷ್ಟು ಈ ಗ್ರಂಥಗಳು ಓದುಗರನ್ನು ತಲುಪಿಲ್ಲವೆಂಬುದು ವಿಷಾದದ ಸಂಗತಿ.

ಹಳೆಯ ಮೈಸೂರು ಪ್ರಾಂತದ ಮೂಡಲಪಾಯ ಯಕ್ಷಗಾನದ ಅಧ್ಯಯನಕ್ಕೆ ಈ ಎರಡು ಮಾದರಿಗಳೂ ಉಪಯುಕ್ತ. ಯಲಹಂಕದ ಸುತ್ತಣ ಹಳ್ಳಿಗಳು ನಗರದೊಳಗೆ ಸೇರಿಹೋಗಿರುವಾಗ, ಪ್ರಸಂಗಗಳ ಓಲೆ ಕಾಗದಗಳನ್ನು ಸಂರಕ್ಷಿಸುವುದರ ಜೊತೆಗೆ ಭಾಗವತರ ಗುರುಪರಂಪರೆ, ವೇಷಗಳ ಒಡೆತನ, ಆಟ ಆಡಿಸುತ್ತಿದ್ದ ಊರ ಹಬ್ಬಗಳು ಇವನ್ನೂ ದಾಖಲಿಸಬೇಕಾಗಿದೆ. ಓಲೆಯ ಪ್ರತಿ ಗ್ರಂಥಾಲಯದಲ್ಲಿ ಉಳಿದೀತು. ಮದ್ದಳೆಯ ಪೆಟ್ಟಿಗೆ ಹೆಜ್ಜೆ ಹೇಗೆ ಹೊಂದಬೇಕೆಂಬ ತಿಳಿವು ಬಲ್ಲವರೊಡನೆ ಹೋಗಿಬಿಡುತ್ತದೆ. ಮೇಳದವರ ಸ್ಮೃತಿಯೂ ಶಾಸನ, ಹಸ್ತಪ್ರತಿಗಳಂತೆ ಪರೀಕ್ಷೆಗೆ ಒಳಪಡಬೇಕಾದ, ಆದರೆ ಕಡೆಗಣಿಸಲಾಗದ ಆಕರವೆಂಬುದನ್ನು ಕಂಬಾರ ಮತ್ತು ಅಡೆಡೆಜಿ ಇವರ ಸಂಶೋಧನೆಗಳು ಸಿದ್ಧಪಡಿಸಿ ತೋರಿಸಿವೆ.