ಅಂಕಲಿಯಿಂದ ಆಳಂದಿಗೆ ಜೋಡಿ ಅಶ್ವ: ಒಂದರ ಮೇಲೆ ಸವಾರ, ಇನ್ನೊಂದರ ಬೆನ್ನು ಬರಿದು

ಪುಣೆ: ಜ್ಯೇಷ್ಠ ಮಾಸ ಬಂತೆಂದರೆ ಪುಣೆ ಮಹಾನಗರದ ಜನತೆಗೆ ವಾರಿಯ ನೆನಪು. ಆಳಂದಿಯಿಂದ ಸಂತ ಜ್ಞಾನೇಶ್ವರ ಮಹಾರಾಜರ ಪಾಲಖಿ, ದೇಹುವಿನಿಂದ ಸಂತ ತುಕಾರಾಮ ಮಹಾರಾಜರ ಪಾಲಖಿ ನಗರಕ್ಕೆ ಆಗಮಿಸಿ, ಮೊದಲನೆಯದು ಭವಾನಿ ಪೇಠೆಯ ಪಾಲಖಿ ವಿಠೋಬಾ ಮಂದಿರದಲ್ಲಿ, ಎರಡನೆಯದು ನಾನಾ ಪೇಠೆಯ ನಿವಡುಂಗ್ಯಾ ವಿಠೋಬಾ ಮಂದಿರದಲ್ಲಿ ಮುಕ್ಕಾಂ ಮಾಡುವ ಆ ಎರಡು ದಿನ ನಗರದ ರಸ್ತೆಗಳೆಲ್ಲ ವಾರಕರಿಗಳದ್ದೇ. ಅವರಿಗೆ ಚಹಾ, ಉಪಾಹಾರ ನೀಡಿ ಕೃತಾರ್ಥರಾಗುವ ಹೋಟೆಲಿಗರಲ್ಲಿ ನಮ್ಮ ಊರ ಕಡೆಯವರೂ ಇದ್ದಾರೆ. ಆದರೆ ಈ ಮೆರವಣಿಗೆಯಲ್ಲಿ ಮಾವುಲಿಯ ರಥದ ಮುಂದೆ ಹೆಜ್ಜೆ ಹಾಕುವ ಎರಡು ಕುದುರೆಗಳು ಕರ್ನಾಟಕದಿಂದ ಬಂದವು ಎಂಬುದು ಇಲ್ಲಿನ ಎಷ್ಟು ಮಂದಿ ಕನ್ನಡಿಗರಿಗೆ ಗೊತ್ತು?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣಾ ತೀರದ ಊರು ಅಂಕಲಿ. ಅಲ್ಲಿನ ಶಿತೋಳೆ ಸರ್ಕಾರ್ ಮನೆತನದಿಂದ ಪ್ರತಿ ವರ್ಷ ಎರಡು ಅಶ್ವಗಳು ಹೊರಟು ಮಿರಜ್, ಸಾತಾರಾ ಮಾರ್ಗವಾಗಿ ಸುಮಾರು ಮುನ್ನೂರು ಕಿಲೋಮೀಟರ್ ನಡೆದು ಆಳಂದಿ ತಲುಪುತ್ತವೆ. ಲಾರಿಯಲ್ಲಿ ಹೇರಿ ತಂದರೆ ಒಂದೇ ದಿನದ ದಾರಿ. ಆದರೆ ವಾಡಿಕೆ ಕಾಲ್ನಡಿಗೆಯದು, ಹನ್ನೊಂದು ದಿನಗಳ ಆಸುಪಾಸಿನ ಪ್ರಯಾಣ. ಸಾತಾರಾ ಜಿಲ್ಲೆಯ ಅರ್ಫಳದ ಹೈಬತಬಾಬಾ ಅವರು 19ನೇ ಶತಮಾನದ ಮೊದಲ ಭಾಗದಲ್ಲಿ ಜ್ಞಾನೇಶ್ವರ ಪಾಲಖಿಗೆ ಈಗಿನ ಶಿಸ್ತಿನ ರೂಪ ಕೊಟ್ಟಾಗ ಅಂಕಲಿಯ ಶಿತೋಳೆಯವರ ನೆರವು ದೊರೆಯಿತು. ಅಂದಿನಿಂದ ಅಶ್ವಗಳನ್ನು ಕಳುಹಿಸುವ ಮಾನ ಆ ಮನೆತನದ್ದು. ವಿಠ್ಠಲನನ್ನು ಜ್ಞಾನೇಶ್ವರರು ತಮ್ಮ ಅಭಂಗವೊಂದರಲ್ಲಿ ಕಾನಡಿಗನೆಂದೇ ಕರೆದಿದ್ದಾರೆ. ಅವರ ಕುದುರೆಯೂ ಕನ್ನಡ ನೆಲದಿಂದಲೇ ಬರುವುದು ಒಂದು ಚೆಂದದ ಯೋಗಾಯೋಗ.

ಎರಡು ಕುದುರೆಗಳೇಕೆ ಎಂಬುದರಲ್ಲಿಯೇ ವಿಶೇಷವಿದೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ ಕುಳಿತಿರುತ್ತಾನೆ. ಅದು ಸವಾರನ ಅಶ್ವ. ಇನ್ನೊಂದು ಮಾವುಲಿಯ ಅಶ್ವ. ಹೂಮಾಲೆ, ಆಭರಣಗಳಿಂದ ಅಲಂಕರಿಸಿದ ಅದರ ಬೆನ್ನ ಮೇಲೆ ಯಾರೂ ಕೂರುವಂತಿಲ್ಲ. ಸ್ವತಃ ಜ್ಞಾನೇಶ್ವರರೇ ಅದರ ಮೇಲೆ ಆರೂಢರಾಗಿರುತ್ತಾರೆ ಎಂಬುದು ವಾರಕರಿಗಳ ಶ್ರದ್ಧೆ. ಹೀರಾ, ಮೋತಿ ಎಂಬ ಹೆಸರುಗಳಿಂದ ಈ ಜೋಡಿ ಜನರಿಗೆ ಪರಿಚಿತ. ದಾರಿಯುದ್ದಕ್ಕೂ ಜನ ಅವುಗಳ ಕಾಲಿಗೆ ನಮಸ್ಕರಿಸಿ ಮುಂದೆ ಹೋಗುತ್ತಾರೆ.

ಪುಣೆ ಬಿಟ್ಟು ದಿವೇ ಘಾಟ್ ಏರಿ, ಸಾಸವಡ, ಜೇಜುರಿ, ಲೋಣಂದ ದಾಟಿದ ಮೇಲೆ ಚಾಂದೋಬಾಚಾ ಲಿಂಬ್ ಎಂಬಲ್ಲಿ ಮೊದಲ ನಿಂತ ರಿಂಗಣ. ದಿಂಡಿಗಳು ರಸ್ತೆಯ ಎರಡೂ ಬದಿಗೆ ಸರಿದು ನಿಂತಾಗ ನಡುವಿನ ದಾರಿಯಲ್ಲಿ ಕುದುರೆಗಳು ಓಡುತ್ತವೆ. ಮುಂದೆ ಸೋಲಾಪುರ ಜಿಲ್ಲೆಯ ಬಯಲುಗಳಲ್ಲಿ ಗೋಲ ರಿಂಗಣ. ಪಾಲಖಿಯನ್ನು ನಡುವಿನಲ್ಲಿರಿಸಿ, ಲಕ್ಷಾಂತರ ಜನ ವರ್ತುಲಾಕಾರವಾಗಿ ನಿಂತು, ಪತಾಕೆಯವರು, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಮಹಿಳೆಯರು, ವೀಣೆಯವರು, ಪಖವಾಜದವರು ಓಡಿ ಮುಗಿಸಿದ ಬಳಿಕ ಅಶ್ವಗಳ ಸರದಿ. ಮೊದಲು ಸವಾರನ ಕುದುರೆ ಹೊರಡುತ್ತದೆ. ಅದನ್ನು ಕಂಡದ್ದೇ ತಡ, ಬರಿ ಬೆನ್ನಿನ ಮಾವುಲಿಯ ಕುದುರೆ ಅದರ ಹಿಂದೆ ನೆಗೆಯುತ್ತದೆ. ಎಳೆಯುವ ಲಗಾಮಿಲ್ಲ, ತಿವಿಯುವ ಹಿಮ್ಮಡಿಯಿಲ್ಲ, ಆದರೂ ಆ ಜನಸಾಗರದ ನಡುವೆ ಇರುವ ಕಿರಿದಾದ ಹಾದಿಯನ್ನು ಬಿಡದೆ ಸುತ್ತು ಹಾಕಿ, ಮುಂದಿನದನ್ನು ಹಿಂದೆ ಹಾಕಿದಾಗ ಎದ್ದ ಘೋಷ ಮೈಲುಗಟ್ಟಲೆ ಕೇಳಿಸುತ್ತದೆ. ಓಟ ಮುಗಿದ ಕ್ಷಣವೇ ಗೊರಸಿನ ಧೂಳನ್ನು ಹಣೆಗೆ ಹಚ್ಚಿಕೊಳ್ಳಲು ಜನ ಮುಗಿಬೀಳುತ್ತಾರೆ.

ಭಕ್ತರಿಗೆ ಇದು ಮಾವುಲಿಯ ಲೀಲೆ. ಕುದುರೆಯನ್ನು ಬಲ್ಲವರು ಇದರ ಜತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಕುದುರೆ ಒಂಟಿ ಜೀವಿಯಲ್ಲ. ಒಂದಕ್ಕೊಂದು ಅಡ್ಡ ಬರುವ ಮಾತುಗಳೇನೂ ಇವಲ್ಲ.

ಕುದುರೆ ಹಿಂಡಿನ ಪ್ರಾಣಿ. ಬಯಲಿನಲ್ಲಿ ಹುಲ್ಲು ಮೇಯುತ್ತ, ಹಿಂಸ್ರಪಶುಗಳಿಂದ ಓಡಿ ತಪ್ಪಿಸಿಕೊಂಡು ಬದುಕಿದ ವಂಶ ಅದು. ತಲೆಯ ಎರಡು ಬದಿಗಿರುವ ಕಣ್ಣುಗಳಿಂದ ಅದಕ್ಕೆ ಸುತ್ತಲಿನ ಬಹುತೇಕ ಎಲ್ಲವೂ, ಅಂದರೆ 360 ಡಿಗ್ರಿಯಲ್ಲಿ ಸುಮಾರು 350ರಷ್ಟು ಕಾಣಿಸುತ್ತದೆ. ಕಾಣದಿರುವುದು ಮೂಗಿನ ನೇರ ಮುಂದಿನ ತುಸು ಜಾಗ ಮತ್ತು ಬಾಲದ ನೇರ ಹಿಂಭಾಗ. ನಿಂತೇ ತೂಕಡಿಸಬಲ್ಲದಾದರೂ ಗಾಢ ನಿದ್ದೆಗೆ ಅದು ಮಲಗಲೇಬೇಕು. ಹಿಂಡಿನಲ್ಲಿ ಕೆಲವು ಮಲಗಿದಾಗ ಒಂದಾದರೂ ನಿಂತು ಕಾವಲು ಕಾಯುತ್ತದೆ. ಕಾಯಲು ಯಾರೂ ಇಲ್ಲದ ಒಂಟಿ ಕುದುರೆಗೆ ಹೊಸ ಜಾಗದಲ್ಲಿ ನೆಮ್ಮದಿಯ ನಿದ್ದೆಯೂ ಕಷ್ಟ. ಹನ್ನೊಂದು ದಿನ ಹನ್ನೊಂದು ಊರಿನಲ್ಲಿ ರಾತ್ರಿ ಕಳೆಯಬೇಕಾದ ಅಂಕಲಿಯ ಕುದುರೆಗೆ ಜತೆಗಾರನೊಬ್ಬನಿರುವುದು ಎಷ್ಟು ದೊಡ್ಡ ಆಸರೆ ಎಂಬುದನ್ನು ಊಹಿಸಬಹುದು. ಈ ಪದ್ಧತಿ ಹಾಕಿಕೊಟ್ಟ ಹಿರಿಯರು ಕುದುರೆಯ ಮೇಲೆಯೇ ಬಾಳಿದವರು, ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಜೋಡಿ ಮುರಿದ ನೋವನ್ನೂ ಪುಣೆ ಕಂಡಿದೆ. 2018ರ ಜುಲೈಯಲ್ಲಿ ಪಾಲಖಿ ನಗರದಲ್ಲಿದ್ದ ಸಮಯದಲ್ಲೇ ಹೀರಾ ಅಸುನೀಗಿತು. ವರ್ಷಗಳ ಕಾಲ ವಾರಿಯಲ್ಲಿ ನಡೆದಿದ್ದ ಅಶ್ವಕ್ಕಾಗಿ ವಾರಕರಿಗಳು ಮನೆಯವರನ್ನು ಕಳೆದುಕೊಂಡವರಂತೆ ಕಣ್ಣೀರಿಟ್ಟರು. ಬಳಿಕ 2020 ಮತ್ತು 2021ರಲ್ಲಿ ಕೊರೊನಾ ಕಾರಣದಿಂದ ಕಾಲ್ನಡಿಗೆಯ ವಾರಿಯೇ ನಿಂತು, ಪಾದುಕೆಗಳು ಸರಕಾರಿ ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. 2022ರಲ್ಲಿ ವಾರಿ ಮತ್ತೆ ರಸ್ತೆಗಿಳಿಯಿತು.

ಪುಣೆಗೂ ಕುದುರೆಗೂ ಇರುವ ನಂಟು ವಾರಿಗೆ ಸೀಮಿತವಲ್ಲ. ಶನಿವಾರವಾಡದ ಮುಂದೆ ಬಾಜೀರಾಯರು ಇಂದಿಗೂ ಕುದುರೆಯ ಮೇಲೆಯೇ ಇದ್ದಾರೆ. ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕೆಡೆಟ್‌ಗಳಿಗೆ ಕುದುರೆ ಸವಾರಿಯ ತರಬೇತಿಯಿದೆ. ಕ್ಯಾಂಪಿನ ರೇಸ್‌ಕೋರ್ಸ್‌ನಲ್ಲಿ ಮಳೆಗಾಲದ ಪಂದ್ಯಗಳ ಋತು ನಡೆಯುತ್ತದೆ. ನಗರದ ಹೊರವಲಯದ ಸವಾರಿ ಶಾಲೆಗಳಿಗೆ ಮಕ್ಕಳನ್ನು ಸೇರಿಸುವ ಹೆತ್ತವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ಕಡಿಮೆಯೇನಲ್ಲ. ಇನ್ನು ಮಹಾಬಳೇಶ್ವರದ ವೆಣ್ಣಾ ಸರೋವರದ ಬಳಿ, ಪಂಚಗಣಿಯ ಟೇಬಲ್ ಲ್ಯಾಂಡ್‌ನಲ್ಲಿ, ಮಾಥೇರಾನದ ಕೆಮ್ಮಣ್ಣಿನ ದಾರಿಯಲ್ಲಿ ಕುದುರೆ ಏರದ ಪುಣೆಯ ಕುಟುಂಬ ವಿರಳ.

ಸವಾರಿ ಒಂಟಿಯಾಗಿ ಚೆನ್ನೋ, ಜತೆಯಲ್ಲಿ ಚೆನ್ನೋ ಎಂಬ ಪ್ರಶ್ನೆ ಸವಾರರ ನಡುವೆ ಹಳೆಯದು. ಒಂಟಿ ಸವಾರಿಯನ್ನು ಮೆಚ್ಚುವವರ ವಾದ ಹಗುರವಾದುದಲ್ಲ. ಮಾತಿಲ್ಲ, ಗಡಿಬಿಡಿಯಿಲ್ಲ, ಕುದುರೆಯ ಕಿವಿ ಯಾವ ಕಡೆ ತಿರುಗಿತು, ಉಸಿರು ಹೇಗಿದೆ ಎಂಬುದರ ಮೇಲೆ ಪೂರ್ತಿ ಗಮನ. ಕುದುರೆಯೂ ಬೇರೆ ಕುದುರೆಯ ಬಾಲ ನೋಡಿಕೊಂಡು ನಡೆಯುವುದನ್ನು ಬಿಟ್ಟು ಸವಾರನ ಮಾತು ಕೇಳಲು ಕಲಿಯುತ್ತದೆ. ಸದಾ ಗುಂಪಿನಲ್ಲೇ ಬೆಳೆದ ಕುದುರೆಯನ್ನು ಒಂದು ದಿನ ಒಂಟಿಯಾಗಿ ಹೊರಗೆ ಒಯ್ದು ನೋಡಿದರೆ ಗೊತ್ತಾಗುತ್ತದೆ: ಲಾಯ ಕಣ್ಮರೆಯಾಗುತ್ತಲೇ ಹೇಷಾರವ, ನಿಂತಲ್ಲೇ ತಕಧಿಮಿ, ಅವಕಾಶ ಸಿಕ್ಕರೆ ತಿರುಗಿ ಮನೆಯ ಕಡೆ ಓಟ. ಈ ಚಾಳಿ ಬಿಡಿಸಲು ಗದರಿಕೆ ನಡೆಯದು. ಇಂದು ಐವತ್ತು ಹೆಜ್ಜೆ, ನಾಳೆ ನೂರು ಹೆಜ್ಜೆ ಎಂದು ದೂರ ಹೆಚ್ಚಿಸುತ್ತ, ಶಾಂತವಾಗಿರುವಾಗಲೇ ಮರಳಿ ಕರೆತರಬೇಕು.

ಜತೆ ಸವಾರಿಯ ಪರವಾಗಿ ಇರುವ ದೊಡ್ಡ ವಾದ ಒಂದೇ, ಬಿದ್ದರೆ ಎತ್ತುವವರು ಬೇಕು. ಸೂಪರ್‌ಮ್ಯಾನ್ ಚಿತ್ರಗಳ ನಾಯಕ ಕ್ರಿಸ್ಟೋಫರ್ ರೀವ್ 1995ರ ಮೇ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸ್ಪರ್ಧೆಯೊಂದರಲ್ಲಿದ್ದಾಗ ಅವರ ಕುದುರೆ ತಡೆಯ ಮುಂದೆ ಫಕ್ಕನೆ ನಿಂತುಬಿಟ್ಟಿತು. ತಲೆಕೆಳಗಾಗಿ ಬಿದ್ದ ಅವರ ಕುತ್ತಿಗೆಯ ಮೂಳೆ ಮುರಿದು ಉಸಿರೇ ನಿಂತಿತ್ತು. ಸ್ಪರ್ಧೆಯ ಸ್ಥಳವಾದ್ದರಿಂದ ನೆರವು ಕೂಡಲೇ ಒದಗಿ ಜೀವ ಉಳಿಯಿತು. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿಯೂ ಅವರು 2004ರ ವರೆಗೆ ಬದುಕಿದರು. ನಿರ್ಜನ ಹಾದಿಯಲ್ಲಿ ಒಬ್ಬರೇ ಇರುವಾಗ ಹೀಗಾದರೆ ಗತಿಯೇನು?

ಹಾಗೆಂದು ಜತೆಯಿದ್ದ ಮಾತ್ರಕ್ಕೆ ಅಪಾಯ ತಪ್ಪಿತೆಂದಲ್ಲ. ಕೆಲವೊಮ್ಮೆ ಜತೆಯೇ ಅಪಾಯ ತರುತ್ತದೆ. ಪಿಕ್‌ನಿಕ್‌ಗೆ ಹೋದ ಉತ್ಸಾಹದಲ್ಲಿ ಒಬ್ಬ ತರುಣ ಕುದುರೆಯನ್ನು ದೌಡಾಯಿಸಿದರೆ ಹಿಂದಿನ ಕುದುರೆಗಳೂ ಬೆನ್ನು ಹತ್ತುತ್ತವೆ, ಅವುಗಳ ಮೇಲೆ ಮೊದಲ ಬಾರಿ ಕುಳಿತ ಅಕ್ಕನೋ ಅತ್ತೆಯೋ ಇದ್ದಾರೆಂಬುದು ಅವುಗಳಿಗೆ ಗೊತ್ತಿಲ್ಲ. ರಿಂಗಣದಲ್ಲಿ ಮಾವುಲಿಯ ಅಶ್ವವನ್ನು ಓಡಿಸುವ ಗುಣವೇ ಇಲ್ಲಿ ಕೈಕಾಲು ಮುರಿಯುತ್ತದೆ. ಆದ್ದರಿಂದ ಗುಂಪಿನ ವೇಗ ಅತ್ಯಂತ ಹೊಸಬರ ವೇಗವೇ ಆಗಿರಬೇಕು ಎಂಬುದು ಬಲ್ಲವರ ಕಟ್ಟಳೆ. ಮುಂದಿನ ಕುದುರೆಗೂ ಹಿಂದಿನದಕ್ಕೂ ಕನಿಷ್ಠ ಒಂದು ಕುದುರೆಯ ಉದ್ದದ ಅಂತರ ಬೇಕು, ಇಲ್ಲದಿದ್ದರೆ ಒದೆ ಬೀಳುತ್ತದೆ. ಒಬ್ಬರು ಇಳಿದರೆ ಅಥವಾ ಬಿದ್ದರೆ ಎಲ್ಲರೂ ನಿಲ್ಲಬೇಕು. ಗಿರಿಧಾಮಗಳಲ್ಲಿ ಮಗುವನ್ನು ಕೂರಿಸುವಾಗ ದರ ಚೌಕಾಶಿ ಮಾಡುವ ನಮ್ಮವರು ಹೆಲ್ಮೆಟ್ ಇದೆಯೇ, ರಿಕಾಪು ಮಗುವಿನ ಕಾಲಿಗೆ ಎಟಕುತ್ತದೆಯೇ, ಕುದುರೆಯವನು ಕೊನೆಯ ವರೆಗೂ ಹಗ್ಗ ಹಿಡಿದು ನಡೆಯುತ್ತಾನೆಯೇ ಎಂದು ಕೇಳುವುದು ಕಡಿಮೆ. ಕೇಳಬೇಕಾದ್ದು ಅದನ್ನೇ. ಒಂಟಿಯಾಗಿ ಹೊರಡುವಷ್ಟು ಪಳಗಿದವರೂ ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಲಾಯದಲ್ಲಿ ಹೇಳಿ ಹೋಗಬೇಕು. ಮೊಬೈಲು ಮೈಮೇಲಿರಬೇಕು, ಜೀನಿನ ಚೀಲದಲ್ಲಲ್ಲ. ಬಿದ್ದಾಗ ಕುದುರೆ ಚೀಲದ ಸಮೇತ ಓಡಿಹೋಗುತ್ತದೆ!

ಒಂಟಿತನ ಮತ್ತು ಜತೆ ಎರಡನ್ನೂ ಕಂಡ ಕರ್ನಾಟಕದ ಸವಾರನೆಂದರೆ ಬೆಂಗಳೂರಿನ ಫವಾದ್ ಮಿರ್ಜಾ. ತಂದೆ ಕುದುರೆಗಳ ವೈದ್ಯರಾದ ಕಾರಣ ಬಾಲ್ಯದಿಂದಲೇ ಲಾಯದ ಒಡನಾಟ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಈವೆಂಟಿಂಗ್ ವಿಭಾಗದಲ್ಲಿ ವೈಯಕ್ತಿಕ ಬೆಳ್ಳಿ, ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಅವರೊಂದಿಗೆ ತಂಡದ ಬೆಳ್ಳಿ ಗೆದ್ದರು. ಈ ಕ್ರೀಡೆಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು 1982ರ ದಿಲ್ಲಿ ಏಷ್ಯಾಡ್‌ನ ಬಳಿಕ ಅದೇ ಮೊದಲು. ಇಲ್ಲಿ ತಂಡವೆಂದರೂ ನಾಲ್ವರು ಒಟ್ಟಿಗೆ ಓಡುವುದಿಲ್ಲ. ಪ್ರತಿಯೊಬ್ಬರೂ ಒಂಟಿಯಾಗಿಯೇ ಕಣಕ್ಕಿಳಿದು, ಅಂಕಗಳನ್ನು ಮಾತ್ರ ಕೂಡಿಸಲಾಗುತ್ತದೆ. ಕ್ರಾಸ್‌ಕಂಟ್ರಿಯಲ್ಲಂತೂ ಕುದುರೆ ತನ್ನ ಜತೆಗಾರರನ್ನೆಲ್ಲ ಹಿಂದೆ ಬಿಟ್ಟು, ಕಾಣದ ನೆಲದಲ್ಲಿ, ಹಿಂದೆಂದೂ ನೋಡದ ತಡೆಗಳ ಮೇಲೆ ಹಾರಬೇಕು. ಹಿಂಡಿನ ಪ್ರಾಣಿಗೆ ಆ ಹೊತ್ತಿನಲ್ಲಿ ಬೆನ್ನ ಮೇಲಿನ ಮನುಷ್ಯನೇ ಹಿಂಡು.

ಫವಾದ್ ಊರು ಬಿಟ್ಟು ಜರ್ಮನಿಯಲ್ಲಿ ನೆಲೆಸಿ, ಒಲಿಂಪಿಕ್ ಸ್ವರ್ಣ ವಿಜೇತೆ ಸಾಂಡ್ರಾ ಔಫಾರ್ಟ್ ಅವರ ಬಳಿ ಪಳಗಿದರು. ಹೊಟ್ಟೆಪಾಡಿಗೆ, ಉದ್ಯೋಗಕ್ಕೆ ಹುಟ್ಟೂರು ಬಿಟ್ಟ ಪುಣೆ ಕನ್ನಡಿಗರಿಗೆ ಆ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ ಭಾರತದಿಂದ ಅಶ್ವಾರೋಹಿಯಾಗಿ ಹೋದವರು ಅವರೊಬ್ಬರೇ. 2000ರ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿದ ಬಳಿಕ ಭಾರತದ ಯಾವ ಸವಾರನೂ ಅಲ್ಲಿಗೆ ತಲುಪಿರಲಿಲ್ಲ. ಸೆನ್ಯೋರ್ ಮೇಲೆಯೇ ಸವಾರಿ ಮಾಡಿದ ಫವಾದ್ ಅಂತಿಮ ಸುತ್ತು ಪ್ರವೇಶಿಸಿ 23ನೇ ಸ್ಥಾನ ಪಡೆದರು. ಆ ಸುತ್ತಿಗೆ ಭಾರತೀಯನೊಬ್ಬ ಏರಿದ್ದು ಅದೇ ಪ್ರಥಮ.

ಸವಾರನನ್ನು ಕಳೆದುಕೊಂಡ ಕುದುರೆಯೂ ಸಾಲು ಬಿಡುವುದಿಲ್ಲ ಎಂಬುದು ಅಶ್ವದಳದ ಹಳೆಯ ಅನುಭವ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರ ಲ್ಯಾನ್ಸರ್ಸ್ ಜತೆಗೂಡಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಾಳಿ ನಡೆಸಿದ್ದು ಭರ್ಜಿ ಹಿಡಿದು, ಕುದುರೆಯ ಮೇಲೆಯೇ. ಎದುರಿಗಿದ್ದುದು ಮೆಷಿನ್ ಗನ್ನು. ಇಂಥ ಯುದ್ಧಗಳಲ್ಲಿ ಬೆನ್ನು ಬರಿದಾದ ಕುದುರೆಗಳು ಓಡಿಹೋಗದೆ ಉಳಿದವುಗಳ ಜತೆಯಲ್ಲೇ ಸಾಲಿನಲ್ಲಿ ಮುನ್ನುಗ್ಗುತ್ತಿದ್ದವು.

ಅಂಕಲಿಯ ಕುದುರೆ ಕಲಿತ ಪಾಠ ಯುದ್ಧದ್ದಲ್ಲ. ಅದರ ಮುಂದೆ ಒಬ್ಬ ಸವಾರ ಪತಾಕೆ ಹಿಡಿದು ಓಡುತ್ತಾನೆ. ರಿಂಗಣದ ಚಿತ್ರಗಳಲ್ಲಿ ಮರುದಿನ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುವುದು ಬರಿ ಬೆನ್ನಿನ ಅಶ್ವ. ಅದಕ್ಕೆ ದಾರಿ ತೋರಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಮುಂದಿನ ಸಲ ಪಾಲಖಿ ಭವಾನಿ ಪೇಠೆಗೆ ಬಂದಾಗ ದರ್ಶನಕ್ಕೆ ಹೋಗುವ ನಾಡಬಾಂಧವರು ಅವನನ್ನೂ ಒಮ್ಮೆ ಮಾತನಾಡಿಸಬಹುದು, ಅವನೂ ನಮ್ಮ ಚಿಕ್ಕೋಡಿ ಕಡೆಯಿಂದಲೇ ನಡೆದು ಬಂದವನು.